ಒತ್ತಿಲ್ಲದ ಒತ್ತಡ

"ಬಿಡಿ… ಪೂರ್ತಿ ಬಿಡಿ… ಇನ್ನೂ ಬಿಡಿ…"

ಬಾಗಿಲು ತಳ್ಳಿಕೊಂಡು ಒಳಗೆ ಬಂದವಳಿಗೆ ಮೊದಲು ಕೇಳಿಸಿದ್ದು ಗುರುತಿಲ್ಲದ ಆ ಗಂಡುದನಿ. ಆಮೇಲೆ ಕಂಡದ್ದು ಅಪ್ಪ.

ನೆಲದ ಮೇಲೆ! ಅಂಗಾತ! ಕಣ್ಣು ಮುಚ್ಚಿಕೊಂಡು!

ಪಕ್ಕದಲ್ಲಿ ಯಾವನೋ ಒಬ್ಬ ಮಂಡಿಯೂರಿ ಕೂತು ಅಪ್ಪನ ಮಣಿಕಟ್ಟು ಹಿಡಿದುಕೊಂಡಿದ್ದ.

ಮೂರು ವಾರದ ಹಿಂದೆ ಇದೇ ನಡುಮನೆಯಲ್ಲಿ, ಇದೇ ಸೋಫಾದ ಪಕ್ಕ, ಎದೆ ಹಿಡಿದುಕೊಂಡು ಹೀಗೇ ಬಿದ್ದಿದ್ದ ಅಪ್ಪನನ್ನು ಅವಳು ಆಂಬುಲೆನ್ಸಿಗೆ ಹತ್ತಿಸಿದ್ದಳು. ಎರಡು ಸ್ಟೆಂಟ್ ಹಾಕಿಸಿಕೊಂಡು ಅಪ್ಪ ಮನೆಗೆ ವಾಪಸಾಗಿದ್ದರು. ಅವಳ ಜೀವ ಮಾತ್ರ ಇನ್ನೂ ಆಂಬುಲೆನ್ಸಿನಲ್ಲೇ ಓಡಾಡುತ್ತಿತ್ತು.

"ಯಾರ್ರೀ ನೀವು? ನಮ್ಮಪ್ಪನ್ನ ಬಿಡ್ರೀ!"

ಅವನು ತಲೆಯೆತ್ತಿದ. "ಅದನ್ನೇ ಹೇಳ್ತಿದ್ದೀನಿ ಮೇಡಂ, ಬಿಡಿ ಅಂತ… ಇವರೇ ಬಿಡ್ತಾ ಇಲ್ಲ."

ಮುಂದಿನದನ್ನು ಮಾಡಿದ್ದು ಅವಳಲ್ಲ, ಅವಳ ಕೈ. ಹಿಡಿದುಕೊಂಡು ಬಂದಿದ್ದ ಬಾಟಲಿಯ ನೀರಷ್ಟೂ ಅವನ ಮುಖಕ್ಕೆ! ಅವನ ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಅಪ್ಪನ ಹತ್ತಿರ ಓಡಿದ ಅವಳ ಕಾಲು ಸರಿಯಾಗಿ ಅದರ ಮೇಲೇ ಬಿತ್ತು.

ಕಟ್!

"ಕಂಟ್ರೋಲರ್," ಎಂದರು ಅಪ್ಪ, ಕಣ್ಣು ತೆರೆಯದೆ, "ಗಾಡಿ ಚೆನ್ನಾಗೇ ಓಡ್ತಿದೆ. ಮೆಕ್ಯಾನಿಕ್ಕಿಗೆ ಯಾಕಮ್ಮಾ ನೀರು ಹೊಡೀತೀಯ?"

ಅವಳು ಅಲ್ಲೇ ಕುಸಿದು ಕೂತಳು. *ಮಾತಾಡ್ತಿದ್ದಾರೆ… ಅಪ್ಪ ಮಾತಾಡ್ತಿದ್ದಾರೆ!*

ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ, ಯಾವುದು ಎಷ್ಟು ತಡ ಎಂದು ಕೂಗಿದವರು ಅಪ್ಪ. ಮನೆಯನ್ನೂ ನಿಲ್ದಾಣದ ಭಾಷೆಯಲ್ಲೇ ನಡೆಸುತ್ತಿದ್ದರು. ಬಸ್ಸುಗಳ ಹೊತ್ತು ನೋಡಿಕೊಳ್ಳುವ ಅಧಿಕಾರಿಗೆ ಅಲ್ಲಿ ಕಂಟ್ರೋಲರ್ ಎನ್ನುತ್ತಾರೆ. ಮನೆಯಲ್ಲಿ ಆ ಹುದ್ದೆ ಮಗಳದು. ಹೆಂಡತಿ ತೀರಿಕೊಂಡ ವರ್ಷದಿಂದ ಅದು ಕಾಯಂ ಹುದ್ದೆ.

ಅಪರಿಚಿತ ಮುಖ ಒರೆಸಿಕೊಂಡ. ಕೋಪವೇ ಇಲ್ಲ ಆ ಮುಖದಲ್ಲಿ! "ಆಸ್ಪತ್ರೆಯಿಂದ ಬಂದಿದ್ದೀನಿ ಮೇಡಂ. ಹೃದಯದ ತೊಂದರೆಯಿಂದ ಚೇತರಿಸಿಕೊಳ್ಳೋರಿಗೆ ನಡಿಗೆ, ಉಸಿರಾಟ, ಒತ್ತಡ ಇಳಿಸಿಕೊಳ್ಳೋ ರೀತಿ… ಇದನ್ನೆಲ್ಲ ಹೇಳಿಕೊಡೋದು ನನ್ನ ಕೆಲಸ. ವಾರಕ್ಕೆರಡು ಸಲ, ಒಟ್ಟು ಹನ್ನೆರಡು ಭೇಟಿ. ಇದು ಮೊದಲನೇದು."

"ಮಂಗಳವಾರ ಅಂದಿದ್ರು!"

"ಇವತ್ತು ಮಂಗಳವಾರವೇ."

ಆಸ್ಪತ್ರೆಯಿಂದ ಬಂದ ಮೇಲೆ ಅವಳಿಗೆ ವಾರಗಳ ಲೆಕ್ಕ ತಪ್ಪಿಹೋಗಿತ್ತು. ಆದರೂ ಸೋಲೊಪ್ಪಲು ಮನಸ್ಸಿಲ್ಲ. "ಬೆಲ್ಲಾದರೂ ಮಾಡಬಾರದಿತ್ತಾ?"

"ಬಾಗಿಲ ಮೇಲೆ ಚೀಟಿ ಅಂಟಿಸಿದ್ದೀರಲ್ಲ… 'ಬೆಲ್ ಒತ್ತಬೇಡಿ' ಅಂತ."

"ಒತ್ತಡ ಬೇಡ ಅಂತ ಒತ್ತಬೇಡಿ ಅಂದಿದ್ದಾಳೆ," ಅಪ್ಪ ನೆಲದಿಂದಲೇ ಸೇರಿಸಿದರು. "ಡಾಕ್ಟ್ರು ನನಗೆ ಹಾಕಿದ್ದು ಎರಡೇ ಸ್ಟೆಂಟು ಕಣಯ್ಯಾ. ಇವಳು ಮನೆಗೆ ಹಾಕಿರೋದು ಇನ್ನೂರು ಸ್ಟಂಟು!"

ಅವನು ನಕ್ಕ. ಕನ್ನಡಕವಿಲ್ಲದ ಆ ಕಣ್ಣುಗಳು ಅವಳ ಮುಖವನ್ನು ಹುಡುಕುತ್ತ, ಸಿಗದೆ, ಕಿವಿಯ ಹತ್ತಿರ ಎಲ್ಲೋ ನಿಂತವು.

ಯಾಕೋ ಆ ಕಿವಿ ಬಿಸಿಯಾಯಿತು.

"ಕನ್ನಡಕ… ನಾಳೆ ನನ್ನ ಅಂಗಡಿಗೆ ಬನ್ನಿ," ಎಂದಳು ನೆಲ ನೋಡುತ್ತ. "ಕಣ್ಣು ಪರೀಕ್ಷೆ ಮಾಡಿ ಹೊಸದು ಮಾಡಿಕೊಡ್ತೀನಿ. ಅದೇ ನನ್ನ ಕೆಲಸ."

"ಮುರಿಯೋದೂ ನೀವೇ, ಮಾಡೋದೂ ನೀವೇನಾ?" ಎಂದ ಅವನು. "ವ್ಯಾಪಾರ ಚೆನ್ನಾಗಿ ನಡೀತಿರಬೇಕು!"

* * *

ಇನ್ನೂರು ಸ್ಟಂಟು ಎಂದದ್ದು ಅಪ್ಪನ ಉತ್ಪ್ರೇಕ್ಷೆ. ಆದರೆ ನೂರಕ್ಕೆ ಮೋಸವಿರಲಿಲ್ಲ.

ಕುಕ್ಕರ್ ಅಟ್ಟಕ್ಕೆ ಹೋಗಿತ್ತು. ಸೀಟಿಗೆ ಅಪ್ಪ ಬೆಚ್ಚಿದರೆ? ಬೆಲ್ಲಿನ ಬ್ಯಾಟರಿ ತೆಗೆದಿದ್ದಳು. ಟೀವಿಯಲ್ಲಿ ಸುದ್ದಿ ಇಲ್ಲ, ಪತ್ರಿಕೆಯಲ್ಲಿ ಮರಣವಾರ್ತೆಯ ಪುಟ ಇಲ್ಲ. ಫೋನು ಬಂದರೆ ಹಿತ್ತಲಿಗೆ ಹೋಗಿ ಪಿಸುಗುಟ್ಟುವುದು. ಯಾರಾದರೂ ನೋಡಲು ಬಂದರೆ ಬಾಗಿಲಲ್ಲೇ ನಿಲ್ಲಿಸಿ, "ನಗ್ತಾ ಮಾತಾಡಿ, ಆದ್ರೆ ಜಾಸ್ತಿ ನಗಿಸಬೇಡಿ" ಎಂದು ಎಚ್ಚರಿಸುವುದು!

ಅಪ್ಪ ಇದನ್ನೆಲ್ಲ ಸಹಿಸಿಕೊಂಡಿದ್ದರು. ಬಿಟ್ಟದ್ದು ಒಂದನ್ನೇ… ಮಿಮಿಕ್ರಿ. ಕಂಡಕ್ಟರುಗಳ, ಡ್ರೈವರುಗಳ, ಕೆಟ್ಟ ಗೇರುಗಳ ದನಿಯಿಂದ ಮನೆ ತುಂಬಿಸುತ್ತಿದ್ದ ಮನುಷ್ಯ ಸುಮ್ಮನಾಗಿಬಿಟ್ಟಿದ್ದರು. ಆ ಮೌನ ಆರೋಗ್ಯಕ್ಕೆ ಒಳ್ಳೆಯದು ಎಂದೇ ಅವಳು ನಂಬಿದ್ದಳು.

ಉಸಿರು ಮೇಷ್ಟ್ರು ಬಂದರು ನೋಡಿ… ಆ ಹೆಸರಿಟ್ಟದ್ದೂ ಅಪ್ಪನೇ… ಒಂದೊಂದೇ ಸ್ಟಂಟು ಕಳಚತೊಡಗಿತು.

ಮೊದಲು ಅವನ ಕಣ್ಣಿನ ಕೆಲಸ. ಮಾರನೇ ದಿನ ಅಂಗಡಿಯ ಒಳಕೋಣೆಯಲ್ಲಿ, ಎತ್ತರದ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಮಸೂರ ಸಿಕ್ಕಿಸುವ ದುಂಡು ಚೌಕಟ್ಟನ್ನು ಮೂಗಿಗೇರಿಸಿ, ಗೋಡೆಯ ಅಕ್ಷರಪಟ ತೋರಿಸಿದಳು.

"ಕೊನೇ ಸಾಲು ಓದಿ."

"ಸ… ಬ… ಲ… ನ… ಗ… ಹ." ಅವನು ಚೌಕಟ್ಟಿನೊಳಗಿಂದಲೇ ಹುಬ್ಬೇರಿಸಿದ. "ಒಂದು ಒತ್ತಕ್ಷರವೂ ಇಲ್ವಲ್ಲ ಮೇಡಂ?"

"ಒತ್ತಕ್ಷರ ಇದ್ರೆ ಕಣ್ಣಿಗೆ ಕಷ್ಟ."

"ಮನೇಲೂ ಒತ್ತಬೇಡಿ, ಅಂಗಡೀಲೂ ಒತ್ತಿಲ್ಲ!"

ನಗಬಾರದು ಎಂದುಕೊಂಡಳು. ನಕ್ಕಳು. ಎಷ್ಟು ದಿನವಾಗಿತ್ತೋ!

ಮೂರನೇ ಭೇಟಿಯಲ್ಲಿ ಅವನು ಅಪ್ಪನಿಗೆ ಕೇಳಿದ, "ಉಸಿರು ನಿಧಾನಕ್ಕೆ ಹೊರಗೆ ಬಿಡೋದು ನಿಮಗೆ ಬೇಜಾರಾಗ್ತಿದೆ ಅಲ್ವಾ? ಹಾಗಾದ್ರೆ ಒಂದು ಬಸ್ಸು ಕೂಗಿ. ಒಂದೇ ಉಸಿರಲ್ಲಿ, ಮೆತ್ತಗೆ. ಸಾಕು ಅನ್ನಿಸಿದಾಗ ನಿಲ್ಲಿಸಿ."

ಅಪ್ಪ ಮಗಳ ಕಡೆ ನೋಡಿದರು. ಮಗಳು ಬೇಡವೆನ್ನಲು ಬಾಯಿ ತೆರೆದಳು…

"ಪ್ರಯಾಣಿಕರ ಗಮನಕ್ಕೆ…!"

ಆ ದನಿ! ಹಳೆಯ ಮೈಕಿನ ಕರಕರವನ್ನೂ ಗಂಟಲಲ್ಲೇ ಸೇರಿಸಿ, ಎಂಟು ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು ಅಪ್ಪ. ಅವಳು ಅಡುಗೆಮನೆಗೆ ಓಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾಲ್ಕನೆಯದಕ್ಕೆ ಬೆಲ್ಲಿಗೆ ಬ್ಯಾಟರಿ ಬಂತು. ಐದನೆಯದಕ್ಕೆ ಕುಕ್ಕರ್ ಅಟ್ಟದಿಂದಿಳಿಯಿತು. ಅಕ್ಕಿ ಹಾಕಿ, ಉಸಿರು ಬಿಗಿಹಿಡಿದು ನಿಂತಿದ್ದಾಗ… "ಉಶ್ಶ್ಶ್!" ಎಂದು ಸೀಟಿ ಕೂಗಿತು. ಅವಳು ಹಾರಿಬಿದ್ದಳು! ನೋಡಿದರೆ ಕುಕ್ಕರಿಗೆ ಇನ್ನೂ ಬಿಸಿಯೇ ತಾಗಿಲ್ಲ. ಸೀಟಿ ಬಂದದ್ದು ಅಪ್ಪನ ಬಾಯಿಂದ.

"ಹೆದರಿದ್ದು ಹೃದಯದ ಪೇಷಂಟಲ್ಲ," ಎಂದ ಮೇಷ್ಟ್ರು ಗಂಭೀರವಾಗಿ. "ಬರ್ಕೊಳ್ತೀನಿ."

ಅವತ್ತೇ ಅವನು ಅಪ್ಪನನ್ನು ಮಲಗಿಸಿ ಕಣ್ಣು ಮುಚ್ಚಲು ಹೇಳಿ, ಅವಳ ಕಡೆ ತಿರುಗಿದ. "ನೀವೂ ಕೂತ್ಕೊಳ್ಳಿ."

"ನಾನ್ಯಾಕೆ? ನನಗೇನಾಗಿದೆ?"

"ನಾನು ಬಂದಾಗಿಂದ ನೋಡ್ತಿದ್ದೀನಿ, ನೀವು ಉಸಿರು ಹಿಡ್ಕೊಂಡೇ ಓಡಾಡ್ತೀರ." ದನಿ ತಗ್ಗಿಸಿದ. "ಮುಷ್ಟಿ ಹಿಡೀರಿ. ಉಸಿರಲ್ಲ, ಮುಷ್ಟಿ ಮಾತ್ರ. ಹಾಂ… ಈಗ ಬಿಡಿ."

"ಏನನ್ನ?"

"ಭಯಾನ."

ಅವಳ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಂಗೈಯಲ್ಲಿ ಉಗುರಿನ ನಾಲ್ಕು ಗುರುತು ಕೆಂಪಗಿದ್ದವು. ಅವನು ಅದನ್ನು ನೋಡಿದ. ಮುಟ್ಟಲಿಲ್ಲ. ನೋಡಿದ, ಅಷ್ಟೇ… ಆದರೆ ಮುಟ್ಟಿದಷ್ಟೇ ಆಯಿತು.

*ಇದೇನಾಗ್ತಿದೆ ನನಗೆ?*

ಚಾಪೆಯ ಮೇಲೆ ಅಪ್ಪನ ಒಂದು ಕಣ್ಣು ಕೂದಲೆಳೆಯಷ್ಟು ತೆರೆದಿತ್ತು. ಅದನ್ನು ಇಬ್ಬರೂ ಗಮನಿಸಲಿಲ್ಲ.

* * *

ಮೊದಲ ದಿನವೇ ಮೇಷ್ಟ್ರು ಅಪ್ಪನಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದ. ನಾಲ್ಕು ಕಾಲಮ್ಮು. ಹೊತ್ತು, ಏನಾಯ್ತು, ನಾಡಿ, ಒತ್ತಡ. ಕೊನೆಯದಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಸೊನ್ನೆ ಎಂದರೆ ನೆಮ್ಮದಿ, ಹತ್ತು ಎಂದರೆ ತಡೆಯಲಾರದ್ದು.

"ಯಾವುದರಿಂದ ಒತ್ತಡ ಏರ್ತಿದೆ ಅಂತ ನಿಮಗೇ ಗೊತ್ತಾಗ್ಲಿ," ಎಂದಿದ್ದ. "ಗೊತ್ತಾದ್ರೆ ಅದನ್ನ ದೂರ ಇಡಬಹುದು. ಇದು ನಿಮ್ಮ ಸ್ವಂತ ಪುಸ್ತಕ, ಬೇರೆ ಯಾರೂ ಓದಬಾರದು."

ಹೀಗೆಂದಾಗ ಅವನು ನೋಡಿದ್ದು ಕಂಟ್ರೋಲರ್ ಕಡೆಗೇ.

ಅವಳು ಓದಬಾರದೆಂದೇ ಇದ್ದಳು. ಆದರೆ ಎಂಟನೇ ಭೇಟಿ ಮುಗಿದ ಮೂರನೇ ದಿನ, ಸೋಮವಾರ, ಅಪ್ಪ ನಡಿಗೆಗೆ ಹೋಗಿದ್ದಾಗ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದಳು. ದಿಂಬಿನಡಿಯಿಂದ ಪುಸ್ತಕ ಜಾರಿತು, ತೆರೆದುಕೊಂಡೇ ಬಿತ್ತು. ಬಸ್ಸಿನ ವೇಳಾಪಟ್ಟಿಯಂಥ ಅಪ್ಪನ ಅಕ್ಷರ.

*ಮಂಗಳವಾರ ಸಂಜೆ 5.10. ಉ.ಮೇ. ಆಗಮನ. ನಾಡಿ 84. ತಡ 7.*

*ಶುಕ್ರವಾರ ಸಂಜೆ 5.05. ಉ.ಮೇ. ಆಗಮನ. ನಾಡಿ 88. ತಡ 8.*

ಅವಳು ಪುಸ್ತಕ ಕೈಗೆತ್ತಿಕೊಂಡಳು. ಉ.ಮೇ. ಅಂದರೆ ಉಸಿರು ಮೇಷ್ಟ್ರು. ಸುಮ್ಮನೆ ಕೂತಾಗ ಅಪ್ಪನ ನಾಡಿ ಅರವತ್ತೆಂಟು ದಾಟುವುದಿಲ್ಲ. ಮತ್ತೆ ಒತ್ತಡದ ಕಾಲಮ್ಮಿನಲ್ಲಿ ಈ 'ತಡ'? ಒತ್ತಡ ಎಂದು ಪೂರ್ತಿ ಬರೆದೂ ಇಲ್ಲ!

*ಒತ್ತಕ್ಷರ ಬರೆಯೋ ತ್ರಾಣವೂ ಇಲ್ಲವೇನೋ ಪಾಪ…!*

ಹಿಂದಿನ ಪುಟಗಳನ್ನು ತಿರುವಿದಳು. ಮೊದಲ ಭೇಟಿಗೆ ತಡ 1. ಎರಡನೆಯದಕ್ಕೆ 2. ಮೂರು, ನಾಲ್ಕು, ಐದು… ಅವನು ಬಂದಂತೆಲ್ಲ ಮೆಟ್ಟಿಲು ಹತ್ತಿದ ಹಾಗೆ ಏರಿದ ಒತ್ತಡ. ಹತ್ತಕ್ಕೆ ಇನ್ನೆರಡೇ!

ಹೊದಿಕೆಯನ್ನು ಎದೆಗವಚಿಕೊಂಡು ಹಾಗೇ ಕೂತಳು.

*ಅಪ್ಪ ಯಾಕೆ ಹೇಳಲಿಲ್ಲ? ನನಗಾಗಿ. ಅವರು ಬಂದಾಗ ನನ್ನ ಮುಖ ಹೇಗಾಗುತ್ತೆ ಅಂತ ಅಪ್ಪನಿಗೆ ಕಂಡಿದೆ. ಮಗಳು ಕೈತಪ್ಪಿ ಹೋಗ್ತಾಳೆ ಅನ್ನೋ ಸಂಕಟ… ನುಂಗಿಕೊಂಡು ನಗ್ತಿದ್ದಾರೆ.*

ಕೇಳೋಣವೆಂದರೆ ಪುಸ್ತಕ ಕದ್ದು ಓದಿದ್ದು ತಿಳಿಯುತ್ತದೆ. ಅದೂ ಒಂದು ಆಘಾತವೇ! ಒಂದು ಕಡೆ ಅಪ್ಪನ ಎದೆ, ಇನ್ನೊಂದು ಕಡೆ ತನ್ನ ಎದೆ. ಯಾವುದು ಒಡೆದರೆ ಅಂಟಿಸಬಹುದು?

ತನ್ನದೇ, ಎಂದುಕೊಂಡಳು. ತನ್ನದು ಗಟ್ಟಿ.

ಮಂಗಳವಾರ ಒಂಬತ್ತನೇ ಭೇಟಿ ಮುಗಿಸಿ ಚಪ್ಪಲಿ ಮೆಟ್ಟುತ್ತಿದ್ದ ಅವನ ಹಿಂದೆಯೇ ಗೇಟಿನವರೆಗೂ ಬಂದಳು.

"ಮೇಷ್ಟ್ರೇ… ಇನ್ಮೇಲೆ ನೀವು ಬರಬೇಡಿ."

ಚಪ್ಪಲಿಯ ಪಟ್ಟಿ ಅವನ ಬೆರಳಿನಿಂದ ಜಾರಿತು. "ಏನಾಯ್ತು? ಏನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲ. ನೀವು ಬಂದ್ರೆ… ಒತ್ತಡ ಜಾಸ್ತಿ ಆಗ್ತಿದೆ. ನೀವೇ ಹೇಳಿದ್ರಲ್ಲ, ಯಾವುದರಿಂದ ಒತ್ತಡ ಅಂತ ಗೊತ್ತಾದ್ರೆ ಅದನ್ನ ದೂರ ಇಡಬಹುದು ಅಂತ."

ಯಾರಿಗೆ ಒತ್ತಡ ಎಂದು ಅವಳು ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಕೇಳುವುದೇನಿದೆ? ಅವಳಿಗೇ, ಎಂದುಕೊಂಡ. ತನ್ನ ಕಣ್ಣು ತನಗೆ ಗೊತ್ತಿಲ್ಲದೆ ಏನೇನು ಹೇಳಿತೋ, ಅದು ಇವಳಿಗೆ ಭಾರವಾಯಿತು…

"ಬಿಡಿ, ಅರ್ಥ ಆಯ್ತು," ಎಂದ ಮೆಲ್ಲಗೆ. "ಉಳಿದ ಮೂರು ಭೇಟಿಗೆ ನಮ್ಮ ಸೀನಿಯರ್ ಅಮ್ಮನೋರನ್ನ ಕಳಿಸ್ತೀನಿ. ಅಪ್ಪನ ನಡಿಗೆ ನಿಲ್ಲಿಸಬೇಡಿ."

ಎರಡು ಹೆಜ್ಜೆ ಹೋಗಿ ತಿರುಗಿದ.

"ಮೇಡಂ… ಉಸಿರು ಹಿಡ್ಕೊಂಡಿದ್ದೀರ."

ಅವನು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಬಚ್ಚಲಿಗೆ ಹೋಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿ, ಹಿಡಿದದ್ದನ್ನೆಲ್ಲ ಬಿಟ್ಟಳು.

* * *

ಸೀನಿಯರ್ ಅಮ್ಮನವರು ಅಚ್ಚುಕಟ್ಟು ಹೆಂಗಸು. ಹೇಳಿದ ಹೊತ್ತಿಗೆ ಬಂದರು, ಹೇಳಿಕೊಡಬೇಕಾದ್ದನ್ನು ಹೇಳಿಕೊಟ್ಟರು. ಅಪ್ಪ ಶಾಲೆಯ ಮಗುವಿನಂತೆ ಮುಷ್ಟಿ ಹಿಡಿದರು, ಬಿಟ್ಟರು. ಬಸ್ಸು ಕೂಗಲಿಲ್ಲ. ಕುಕ್ಕರ್ ತಾನೇ ಕೂಗಿಕೊಳ್ಳುವ ಸ್ಥಿತಿ ಬಂತು. ಊಟದ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯತೊಡಗಿತು.

ಹತ್ತು ಆಯಿತು, ಹನ್ನೊಂದು ಆಯಿತು, ಹನ್ನೆರಡೂ ಮುಗಿಯಿತು. ಅಮ್ಮನವರು ಎಲ್ಲ ಸರಿಯಾಗಿದೆ ಎಂದು ಬರೆದುಕೊಟ್ಟು ಹೋದರು.

*ಎಲ್ಲ ಸರಿಯಾಗಿದ್ರೆ ಅಪ್ಪ ಯಾಕೆ ಹೀಗಿದ್ದಾರೆ?*

ಶನಿವಾರ ಬೆಳಿಗ್ಗೆ ಅಪ್ಪ ಬಾಲ್ಕನಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ತೆರೆದ ಪುಸ್ತಕ, ಅದರ ಮೇಲೆ ಪೆನ್ನು. ಕಾಫಿ ಕೊಡಲು ಬಗ್ಗಿದವಳ ಕಣ್ಣಿಗೆ ಬೇಡವೆಂದರೂ ಬಿತ್ತು.

*ಮಂಗಳವಾರ. ಬಸ್ಸು ರದ್ದು.*
*ಶುಕ್ರವಾರ. ಬಸ್ಸು ರದ್ದು.*

"ಯಾವ ಬಸ್ಸು ಅಪ್ಪಾ ರದ್ದು?" ಬಾಯಿ ತಪ್ಪಿ ಬಂದುಬಿಟ್ಟಿತು!

ಅಪ್ಪ ತಲೆಯೆತ್ತಿದರು. "ಓದ್ತೀಯಾ?"

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಅವಳು ನೆಲದ ಮೇಲೆ ಅಪ್ಪನ ಮಂಡಿಗೆ ಆತು ಕೂತಳು. "ಹಿಂದೇನೂ ಓದಿದ್ದೆ. ತಪ್ಪಾಯ್ತು. ಅವರು ಬಂದಾಗೆಲ್ಲ ನಿನಗೆ ಒತ್ತಡ ಏಳು, ಒತ್ತಡ ಎಂಟು ಅಂತಿತ್ತು… ಅದಕ್ಕೇ ಬರಬೇಡಿ ಅಂದುಬಿಟ್ಟೆ."

"ಒತ್ತಡ ಎಂಟಾ?" ಅಪ್ಪ ಪುಟ ತಿರುವಿದರು. ಬೆರಳಿಟ್ಟರು. "ಇಲ್ಲೇನಿದೆ, ಓದು."

"ತಡ ಎಂಟು."

"ತಡ ಅಂದ್ರೆ?"

"ಒತ್ತಡ…"

"ಅಯ್ಯೋ ನನ್ನ ಕನ್ನಡಕದಮ್ಮಾ! ಮೂವತ್ತೊಂದು ವರ್ಷ ಬಸ್ ಸ್ಟ್ಯಾಂಡಲ್ಲಿ ಕೂತವನು ತಡ ಅಂದ್ರೆ ತಡ ಕಣೇ! ಲೇಟು! ವಿಳಂಬ! ಪ್ರಯಾಣಿಕರು ದಯವಿಟ್ಟು ಸಹಕರಿಸಿ!"

ಅವಳು ಕಣ್ಣು ಪಿಳಿಪಿಳಿ ಮಾಡಿದಳು.

"ಅವತ್ತು ನೀನು ನೀರು ಎರಚಿದೆ, ಅವನು ಬೈಲಿಲ್ಲ. ಅವತ್ತೇ ಅಂದ್ಕೊಂಡೆ, ಈ ಬಸ್ಸು ನಮ್ಮ ಪ್ಲಾಟ್‌ಫಾರ್ಮಿಗೇ ಬರೋದು ಅಂತ. ಇವತ್ತು ಹೇಳ್ತಾನೆ, ಇವತ್ತು ಹೇಳ್ತಾಳೆ ಅಂತ ಕಾಯೋದು, ಇಬ್ಬರೂ ಬಾಯಿಬಿಡದೆ ಎದ್ದುಹೋಗೋದು! ಒಂದು ಸಲ ತಡ, ಎರಡು ಸಲ ತಡ… ಎಂಟು ಸಲ! ಎಣಿಸದೆ ಏನು ಮಾಡ್ಲಿ?"

"ಮತ್ತೆ ನಾಡಿ? ಎಂಬತ್ತೆಂಟು?"

"ಕಣ್ಣು ಮುಚ್ಚಿ ಮಲಗು ಅಂತಾನೆ. ಪಕ್ಕದಲ್ಲಿ ನೀವಿಬ್ಬರು ಪಿಸಪಿಸ. ಮ್ಯಾಚಿನ ಕೊನೇ ಓವರು ನಡೀತಿದ್ರೆ ಯಾರ ನಾಡಿ ಏರಲ್ಲ ಹೇಳು!"

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಅಳು ಬಂತು. ಎರಡೂ ಸೇರಿ ಬಿಕ್ಕಳಿಕೆಯಾಯಿತು.

ಅಪ್ಪ ಅವಳ ತಲೆ ಸವರಿದರು. ಆಮೇಲೆ ಇನ್ನೊಂದು ಪುಟ ತೆರೆದು ಸುಮ್ಮನೆ ಮುಂದೆ ಹಿಡಿದರು. ಒಂಬತ್ತನೇ ಭೇಟಿಯ ಸಂಜೆ.

*6.20. ಮಗಳು ನಲ್ಲಿ ಬಿಟ್ಟುಕೊಂಡು ಅತ್ತಳು. ನಾಡಿ 97. ಒತ್ತಡ 9.*

ಇಲ್ಲಿ ಪೂರ್ತಿ ಬರೆದಿದ್ದರು. ಒತ್ತಕ್ಷರ ಕಾಗದ ಹರಿಯುವಷ್ಟು ಒತ್ತಿ.

"ನನಗೆ ಒತ್ತಡ ಅಂದ್ರೆ ಇದು," ಎಂದರು ಅಪ್ಪ. ದನಿಯಲ್ಲಿ ಯಾರ ಮಿಮಿಕ್ರಿಯೂ ಇರಲಿಲ್ಲ, ಬರೀ ಅಪ್ಪನ ದನಿ. "ಸೀಟಿ ಅಲ್ಲ, ಬೆಲ್ಲಲ್ಲ, ಸುದ್ದಿ ಅಲ್ಲ. ನೀನು ಹಿತ್ತಲಲ್ಲಿ ಪಿಸುಗುಟ್ಟೋದು. ನನಗೆ ಕೇಳಿಸಬಾರದು ಅಂತ ನಲ್ಲಿ ಬಿಡೋದು. ಏನು ಅಂತ ಗೊತ್ತಾದ್ರೆ ಈ ಎದೆ ತಡ್ಕೊಳ್ಳುತ್ತೆ ಪುಟ್ಟಿ. ಏನೋ ಇದೆ, ಏನು ಅಂತ ಗೊತ್ತಿಲ್ಲ… ಅದನ್ನ ತಡ್ಕೊಳ್ಳಲ್ಲ."

"ಇನ್ಮೇಲೆ ಎಲ್ಲ ಹೇಳ್ತೀನಿ ಅಪ್ಪಾ."

"ಹೇಳು ಹಾಗಾದ್ರೆ."

"ಅವರು… ನನಗೆ ತುಂಬ ಇಷ್ಟ."

ಅಪ್ಪ ಎರಡು ಬೆರಳನ್ನು ಮಣಿಕಟ್ಟಿನ ಮೇಲಿಟ್ಟುಕೊಂಡು ಬಾಗಿಲಿನೊಳಗೆ ಕಾಣುತ್ತಿದ್ದ ಗೋಡೆಯ ಗಡಿಯಾರ ನೋಡಿದರು. "ಎಪ್ಪತ್ತು," ಎಂದರು. "ನೋಡು, ಏನೂ ಆಗ್ಲಿಲ್ಲ. ಫೋನ್ ಮಾಡು, ಹೋಗು. ಹಿತ್ತಲಲ್ಲಿ ಬೇಡ, ಇಲ್ಲೇ ಮಾಡು!"

* * *

"ನಿಮ್ಮ ಕಣ್ಣಿನ ನಂಬರಿನಲ್ಲಿ ಏನೋ ತಪ್ಪಾಗಿದೆ, ಒಮ್ಮೆ ಅಂಗಡಿಗೆ ಬರ್ತೀರಾ?" ಎಂದಷ್ಟೇ ಫೋನಿನಲ್ಲಿ ಹೇಳಲು ಅವಳಿಗೆ ಧೈರ್ಯ ಬಂದದ್ದು.

ಅವನು ನಾಲ್ಕು ಗಂಟೆಗೆ ಬಂದ. ಅವಳೇ ಮಾಡಿಕೊಟ್ಟ ಕಪ್ಪು ಚೌಕಟ್ಟಿನ ಕನ್ನಡಕ. ಒಳಕೋಣೆಯ ಕುರ್ಚಿಯಲ್ಲಿ ನೆಟ್ಟಗೆ ಕೂತ, ಪರೀಕ್ಷೆಗೆ ಬಂದವನ ಹಾಗೆ.

"ಅಪ್ಪ ಹೇಗಿದ್ದಾರೆ?"

"ನಡಿಗೆಗೆ ಹೋಗಿದ್ದಾರೆ." ಅವಳು ಅವನ ಕನ್ನಡಕ ತೆಗೆಸಿ ದುಂಡು ಚೌಕಟ್ಟನ್ನು ಮೂಗಿಗೇರಿಸಿದಳು. ಒಂದು ಮಸೂರ ಸಿಕ್ಕಿಸಿದಳು. "ಎರಡು ಹೇಳ್ತೀನಿ. ಯಾವುದು ಸ್ಪಷ್ಟ ಅಂತ ಹೇಳಿ. ಒಂದನೇದು… ಅವತ್ತು ಗೇಟಿನ ಹತ್ತಿರ ನಾನು ಬರಬೇಡಿ ಅಂದದ್ದು."

ಅವನು ಅಕ್ಷರಪಟದಿಂದ ಕಣ್ಣು ತೆಗೆದ.

ಮಸೂರ ಬದಲಿಸಿದಳು. "ಎರಡನೇದು… ತಪ್ಪು ಓದಿ ಹಾಗಂದೆ, ದಯವಿಟ್ಟು ಬನ್ನಿ ಅನ್ನೋದು."

"ಎರಡನೇದು," ಎಂದ ಅವನು ಅರೆಕ್ಷಣವೂ ತಡಮಾಡದೆ. "ಆದ್ರೆ… ಏನು ತಪ್ಪು ಓದಿದ್ದು?"

ಹೇಳಿದಳು. ಪುಸ್ತಕ ಕದ್ದು ಓದಿದ್ದು, ತಡವನ್ನು ಒತ್ತಡ ಮಾಡಿದ್ದು, ಎಂಟು ಬಸ್ಸು, ಕೊನೇ ಓವರು… ಎಲ್ಲ. ಹೇಳುತ್ತ ಹೇಳುತ್ತ ಮುಖ ಕೆಂಪಾಯಿತು.

"ಅಂದ್ರೆ ಒತ್ತಡ ನಿಮಗಲ್ಲ?"

"ನನಗಾ? ನೀವು ಬಂದಾಗಲೇ ರೀ ನಾನು ಉಸಿರಾಡ್ತಿದ್ದದ್ದು!"

ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವಳಿಗೆ ಕೇಳಿಸಿತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಚೌಕಟ್ಟಿನೊಳಗೆ ಅವನ ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅದರ ತುಂಬ ನಗು. "ನಾನು ಬಾಯಿ ಬಿಡದೇ ಇದ್ದದ್ದಕ್ಕೆ ಕಾರಣ ಇದೆ ಮೇಡಂ. ಹನ್ನೆರಡು ಭೇಟಿ ಮುಗಿಯೋವರೆಗೂ ನಾನು ಅಪ್ಪನ ಮೇಷ್ಟ್ರು. ಕೆಲಸಕ್ಕೆ ಬಂದ ಮನೇಲಿ ಮನಸ್ಸು ಕೊಡ್ತಾ ಕೂರೋದು ತಪ್ಪು. ಹದಿಮೂರನೇ ಸಲ ಸುಮ್ಮನೆ ನಾನಾಗಿ ಬಂದು ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಬಸ್ಸನ್ನೇ ರದ್ದು ಮಾಡಿದ್ರಿ."

"ಹನ್ನೆರಡು ನಿನ್ನೆ ಮುಗೀತಲ್ಲ…"

"ಹೌದು. ಇವತ್ತು ಹದಿಮೂರನೇದು."

ಗಂಟಲು ಸರಿಮಾಡಿಕೊಂಡು ಗೋಡೆಯ ಕಡೆ ನೋಡಿದ. "ಕೊನೇ ಸಾಲು ಓದ್ಲಾ?"

"ಓದಿ."

"ನೀ… ವಂ… ದ್ರೆ… ನಂ… ಗಿ… ಷ್ಟ."

"ಅಲ್ಲಿ ಹಾಗಿಲ್ಲ!" ಅವಳ ಕಣ್ಣು ತುಂಬಿತ್ತು. "ಒತ್ತಕ್ಷರವೇ ಇಲ್ಲ ಅಲ್ಲಿ!"

"ಒತ್ತಿಲ್ಲದ ಕಡೆ ನೀವು ಒತ್ತಡ ಓದಬಹುದು. ಒತ್ತಿಲ್ಲದ ಕಡೆ ನಾನು ಇಷ್ಟ ಅಂತ ಓದಬಾರದಾ?"

ಅಷ್ಟರಲ್ಲಿ ಹೊರಗಿನ ಬೆಂಚಿನಿಂದ, ಗಾಜಿನ ಬಾಗಿಲನ್ನೂ ದಾಟಿಕೊಂಡು, ಹಳೆಯ ಮೈಕಿನ ಕರಕರದ ಸಮೇತ ತೇಲಿಬಂತು…

"ಪ್ರಯಾಣಿಕರ ಗಮನಕ್ಕೆ! ಒಂದೂವರೆ ತಿಂಗಳಿಂದ ತಡವಾಗಿದ್ದ ಗಾಡಿ ಇದೀಗ ಒಳಕೋಣೆಯ ಪ್ಲಾಟ್‌ಫಾರ್ಮಿಗೆ ಬಂದು ಸೇರಿರುತ್ತದೆ! ಪ್ರಯಾಣಿಕರು ನೂಕುನುಗ್ಗಲು ಮಾಡದೆ ನಿಧಾನವಾಗಿ ಹತ್ತಬೇಕಾಗಿ ವಿನಂತಿ!"

"ಅಪ್ಪಾ!!" ಎಂದು ಕೂಗಿದಳು ಅವಳು. "ನಡಿಗೆಗೆ ಹೋಗಿದ್ದೆ ಅಲ್ವಾ?"

"ನಡ್ಕೊಂಡೇ ಬಂದೆನಮ್ಮಾ! ಇಪ್ಪತ್ತೈದು ನಿಮಿಷ!" ಬೆಂಚಿನ ಮೇಲೆ ಕೂತು ಅಪ್ಪ ಪುಸ್ತಕಕ್ಕೆ ಬರೆದುಕೊಂಡರು. *ಶನಿವಾರ 4.25. ಬಸ್ಸು ಬಂತು. ನಾಡಿ 90. ಇರಲಿ. ಒತ್ತಡ 0.*

ಒಳಗೆ ಅವನು ಚೌಕಟ್ಟು ತೆಗೆದಿಟ್ಟ. ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. ಆದರೆ ಈ ಸಲ ಅವನ ಕಣ್ಣು ಅವಳ ಕಿವಿಯ ಹತ್ತಿರ ಎಲ್ಲೂ ತಪ್ಪಿಸಿಕೊಳ್ಳಲಿಲ್ಲ. ನೇರ ಅವಳ ಕಣ್ಣಿಗೇ ಬಂತು.

ಅವಳು ಅವನದೇ ನಿಧಾನದ ದನಿಯನ್ನು ಅಣಕಿಸುತ್ತ ಕೈ ಚಾಚಿದಳು. ಎಷ್ಟೆಂದರೂ ಅಪ್ಪನ ಮಗಳು!

"ಹಿಡೀರಿ… ಉಸಿರಲ್ಲ, ಕೈ ಮಾತ್ರ…"

ಅವನು ಹಿಡಿದ. ಉಗುರಿನ ಗುರುತುಗಳಿದ್ದ ಅದೇ ಅಂಗೈ.

"ಹಿಡಿದೆ," ಎಂದ. "ಮುಂದಿನ ಪಾಠ ಗೊತ್ತಲ್ಲ? ಈಗ ಬಿಡಬೇಕು. ಬಿಡ್ಲಾ?"

ಇಷ್ಟು ದಿನದ 'ನೀವು' ಅವಳ ನಾಲಿಗೆಯ ತುದಿಯಿಂದ ತಾನಾಗಿಯೇ ಜಾರಿಹೋಯಿತು.

"ಬಿಡಬೇಡ."